ಬಾರ್ಬರಾ ಬಿಟ್ಟುಹೋದದ್ದು

ಹಡಗಿನ ಏಣಿಯಿಂದ ಜಾರಿ ಕಾಲು ಮುರಿದುಕೊಂಡವನು ಪೋಲೆಂಡಿನ ಎಂಜಿನಿಯರ್ ಮಾರೆಕ್. ಅದರ ಫಲ ಉಂಡವನು ಕಾರವಾರದ ಶಿಪ್ಪಿಂಗ್ ಏಜೆನ್ಸಿಯ ಗುಮಾಸ್ತ ರಾಮನಾಥ. ಮಾರೆಕ್‌ನನ್ನು ಆಸ್ಪತ್ರೆಗೆ ಸೇರಿಸಿ ಹಡಗು ಹೊರಡುವಾಗ ಕ್ಯಾಪ್ಟನ್ ತೂತು ಕೊರೆದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ಕೆಳಗಿಳಿಸಿದ. ಅದರೊಳಗೆ ಬಾರ್ಬರಾ ಇದ್ದಳು. ಮೂರೂವರೆ ಅಡಿಯ, ವಿಷವಿಲ್ಲದ, ಕೇಸರಿ ಬಣ್ಣದ ಸಾಕುಹಾವು. ಅವಳಿಲ್ಲದೆ ತಾನು ವಿಮಾನ ಹತ್ತುವುದಿಲ್ಲವೆಂದು ಮಾರೆಕ್ ಪ್ಲಾಸ್ಟರಿನ ಕಾಲನ್ನು ಮುಟ್ಟಿ ಆಣೆ ಮಾಡಿದ.

ಏಜೆನ್ಸಿಯ ಧಣಿಗಳು ರಾಮನಾಥನ ಹೆಗಲ ಮೇಲೆ ಕೈಯಿಟ್ಟರು. ಅವರು ಕೈಯಿಟ್ಟಾಗಲೆಲ್ಲ ಹೆಗಲಿಗೆ ಏನಾದರೊಂದು ಏರುತ್ತಿತ್ತು.

"ಎಲ್ಲಾ ಕಾಯ್ದೆ ಪ್ರಕಾರ ಆಗ್ಬೇಕು ಮಾರಾಯಾ. ಹಾವು ದೇಶ ಬಿಟ್ಟ ದಿವಸ ನಿನ್ನ ಬೇಲೆಕೇರಿ ಆರ್ಡರಿಗೆ ಸಹಿ ಹಾಕ್ತೆ."

ಅಂಕೋಲಾ ತಾಲೂಕಿನ ಬೇಲೆಕೇರಿಯಲ್ಲಿ ಏಜೆನ್ಸಿಯ ಹೊಸ ಶಾಖೆ ತೆರೆಯುವುದಿತ್ತು; ಅಲ್ಲಿಗೆ ವರ್ಗವಾದರೆ ರಾಮನಾಥ ದಿನಾ ಮನೆಯಿಂದಲೇ ಹೋಗಿಬರಬಹುದಿತ್ತು. ರಾಮನಾಥನ ಹೆಂಡತಿ ಹರಿಣಿ ಅಂಕೋಲೆಯಲ್ಲಿ ಶಾಲೆಯ ಟೀಚರು. ಹಡಗಿಗೆ ಹೊತ್ತುಗೊತ್ತು ಇಲ್ಲದ್ದರಿಂದ ಅವನು ಕಾರವಾರದ ಕೋಡಿಬಾಗದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದ, ಭಾನುವಾರ ಮಾತ್ರ ಮನೆಗೆ ಹೋಗುತ್ತಿದ್ದ. ಎರಡು ವರ್ಷದ ಮಗಳು ಅವನನ್ನು ಕಂಡೊಡನೆ ಅಜ್ಜಿಯ ಸೆರಗಿನ ಹಿಂದೆ ಅಡಗುವಳು. ಮೆಲ್ಲನೆ ಪರಿಚಯವಾಗಿ ತೊಡೆ ಏರುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತು.

ಹಾಗಾಗಿ ಅವನು ಡಬ್ಬಿಯನ್ನು ಕೋಣೆಗೆ ಒಯ್ದ.

ಕಾಗದಪತ್ರಕ್ಕೆ ಮೂರು ವಾರ ಹಿಡಿಯಿತು. ದನದ ಡಾಕ್ಟರು ತಮ್ಮಲ್ಲಿದ್ದ ಒಂದೇ ನಮೂನೆಯ ಆರೋಗ್ಯಪತ್ರವನ್ನು ಶ್ರದ್ಧೆಯಿಂದ ತುಂಬಿದರು. ಕೊಂಬು: ಇಲ್ಲ. ಕಿವಿ: ಇಲ್ಲ. ಕಾಲು: ಇಲ್ಲ. ಸಾಮಾನ್ಯ ಸ್ಥಿತಿ: ಉತ್ತಮ. ಓಣಿಯವರು ಸರದಿಯಲ್ಲಿ ಬಂದು ಇಣುಕಿದರು, ಹಾಲು ತಂದರು. ಹಾವು ಹಾಲು ಕುಡಿಯುವುದಿಲ್ಲವೆಂದರೆ ಭಕ್ತರಿಗೆ ಬೇಸರವೆಂದು ರಾಮನಾಥನೇ ಅದನ್ನು ಕುಡಿದು ಎರಡು ಕಿಲೋ ಹೆಚ್ಚಾದ. ಆದರೂ ಸಂಜೆ ಕೋಣೆಗೆ ಬಂದಾಗ ಬುದ್ಧಿ ಹೇಳದೆ ಸುಮ್ಮನೆ ತಲೆಯೆತ್ತಿ ನೋಡುವ ಜೀವ ಓಣಿಯಲ್ಲಿ ಅದೊಂದೇ ಎಂದು ಅವನಿಗೆ ಅನ್ನಿಸತೊಡಗಿತ್ತು.

ಶುಕ್ರವಾರ ಕೊನೆಯ ತಪಾಸಣೆ. ಐದು ಗಂಟೆಗೆ ಮಾರೆಕ್‌ನ ಕಾರು ಗೋವಾ ವಿಮಾನ ನಿಲ್ದಾಣಕ್ಕೆ ಹೊರಡಬೇಕು. ತಪ್ಪಿದರೆ ಟಿಕೆಟ್ಟೂ ಹೋಯಿತು, ಅವನು ಊರಲ್ಲಿರುವ ಅನುಮತಿಯೂ ಮುಗಿಯಿತು. ಮನೆಯೊಡತಿ ಸುಗಂಧಾಬಾಯಿ, "ನಿನ್ನ ಕೈಯ್ಯಾಗೆ ಹಾಲಿನ ಪಾತ್ರೆಯೇ ನಿಲ್ಲೂದಿಲ್ಲ ಬಾಬಾ, ಹಾವು ನಿಲ್ತದ್ಯಾ?" ಎಂದು ತಾನೂ ರಿಕ್ಷಾ ಹತ್ತಿದಳು.

ಪರವಾನಗಿ ಕಚೇರಿಯ ದುರ್ಗಪ್ಪ ಸಾಹೇಬರು ಫೋಟೊ ನೋಡಿದರು, ಹಾವು ನೋಡಿದರು, ಮತ್ತೆ ಫೋಟೊ ನೋಡಿದರು.

"ಫೋಟೊದ ಹಾವು ಕೇಸರಿ. ಇದು ಬೂದಿ."

"ಅದೇ ಇದು ಸಾಹೇಬ್ರೆ."

"ಫೋಟೊದಲ್ಲಿ ಕಣ್ಣು ಕಪ್ಪು. ಸೋಮವಾರ ನಾನೇ ಕಂಡು ಬರೆದದ್ದು, ಕಣ್ಣು ನೀಲಿ. ಇವತ್ತು ಮತ್ತೆ ಕಪ್ಪು. ನಿಮ್ಮ ಹತ್ರ ಒಟ್ಟು ಎಷ್ಟು ಹಾವು ಅದೆ ರಾಮನಾಥ?"

ಸುಗಂಧಾಬಾಯಿ ಮುಂದೆ ಬಂದಳು. "ಅಯ್ಯೋ ದೇವಾ, ಪೊರೆ ಬಿಡೂ ಹೊತ್ತು ಸಾಯೇಬಾ. ಮೊದ್ಲು ಕಣ್ಣು ಮಂಜಾಗ್ತದೆ, ಆಮೇಲೆ ತಿಳಿ ಆಗ್ತದೆ. ಮೈ ಮಾತ್ರ ಕಳೆ ಇಲ್ಲ. ನಮ್ಮ ಹಿತ್ತಲ ಹಾವಿಗೂ ಹಾಂಗೇ."

"ನಿಮ್ಮ ಹಿತ್ತಲ ಹಾವಿಗೆ ನಾನು ಪರವಾನಗಿ ಕೊಡಲಿಲ್ಲ ಬಾಯಿ."

"ಅದು ಕೇಳಲೂ ಇಲ್ಲ."

ಸಾಹೇಬರು ಗಡಿಯಾರ ನೋಡಿದರು. ಎರಡೂವರೆ. "ನಾಲ್ಕೂವರೆ ಒಳಗೆ ನನ್ನ ಕಣ್ಣೆದುರು ಪೊರೆ ಬಿಟ್ಟು ಕೇಸರಿ ಆದ್ರೆ ಪರವಾನಗಿಗೆ ಠಸ್ಸೆ ಹೊಡಿತೆ. ಇಲ್ದಿದ್ರೆ ಸೋಮವಾರ."

ಪ್ರಸೂತಿ ಕೋಣೆಯ ಹೊರಗಿನ ಗಂಡನಂತೆ ರಾಮನಾಥ ಅತ್ತಿಂದಿತ್ತ ತಿರುಗಿದ. ಒಬ್ಬ ಗುಮಾಸ್ತ ಫ್ಯಾನು ನಿಲ್ಲಿಸೆಂದ, ಇನ್ನೊಬ್ಬ ಜೋರು ಮಾಡೆಂದ. ಸುಗಂಧಾಬಾಯಿಯ ಅಪ್ಪಣೆಯಂತೆ ಜವಾನ ಕುಪ್ಪ ಬಾಗಿಲಿನ ನಾರಿನ ಕಾಲೊರಸನ್ನು ಕೊಡವಿ, ಒದ್ದೆ ಮಾಡಿ ಡಬ್ಬಿಯಲ್ಲಿ ಹಾಸಿದ. ಬಾರ್ಬರಾ ಮಲಗಿಯೇ ಇದ್ದಳು. ಮೂರೂವರೆ ಆಯಿತು.

"ಸರಕಾರಿ ಜಾಗ ಅಂತ ಗೊತ್ತಾಯ್ತು ಕಾಣ್ತದೆ ಅದಕ್ಕೆ" ಎಂದ ಕುಪ್ಪ.

ನಾಲ್ಕಕ್ಕೆ ಅವಳು ಮೂತಿಯನ್ನು ನಾರಿಗೆ ಉಜ್ಜಿದಳು. ತುಟಿಯ ಬಳಿ ತೆಳ್ಳಗೆ ಏನೋ ಬಿಚ್ಚಿಕೊಂಡಿತು. ಗುಮಾಸ್ತರು ಎದ್ದು ಬಂದರು. ಒದ್ದೆ ಕಾಲುಚೀಲವನ್ನು ಒಳಹೊರಗು ಮಾಡಿ ಕಳಚುವಂತೆ ಹಾವು ತನ್ನಿಂದ ತಾನೇ ನಿಧಾನವಾಗಿ ಹೊರಬರತೊಡಗಿತು. ತಲೆ ಕೇಸರಿ, ಕುತ್ತಿಗೆ ಕೇಸರಿ, ಹೊಟ್ಟೆ ಕೇಸರಿ. ಇಪ್ಪತ್ತು ವರ್ಷದಿಂದ ಒಂದೇ ಮೇಜಿಗೆ ಕೂತವರೆಲ್ಲ ಬಾಗಿ ನೋಡುತ್ತಿದ್ದರು. ಬಾಲವೂ ಬಿಡಿಸಿಕೊಂಡಾಗ ಬಾರ್ಬರಾ ಹಿಂದೆ ತಿರುಗಿ ನೋಡದೆ ಡಬ್ಬಿಯ ಇನ್ನೊಂದು ಮೂಲೆಗೆ ಸರಿದಳು. ಇಷ್ಟು ಸುಲಭವೇ, ಎಂದುಕೊಂಡ ರಾಮನಾಥ.

ದುರ್ಗಪ್ಪ ಸಾಹೇಬರು ಕನ್ನಡಕ ಒರೆಸಿಕೊಂಡು ಠಸ್ಸೆ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು.

"ಇದು?" ಎಂದು ಪೊರೆಯನ್ನು ತೋರಿಸಿದರು.

"ಅದು... ಅವಳದೇ."

"ಪರವಾನಗಿಯಲ್ಲಿ ಇರೂದು ಹಾವು ಒಂದು. ಈಗ ಹಾವು ಒಂದು, ಹಾವಿನ ಚರ್ಮ ಒಂದು. ಚರ್ಮಕ್ಕೆ ಬೇರೆ ಪರವಾನಗಿ."

"ಬಿಸಾಡ್ತೆ ಸಾಹೇಬ್ರೆ!"

"ಕಾಯ್ದೆ ಕೆಳಗಿನ ವಸ್ತು ಬಿಸಾಡೂದಾ? ನಾನು ಕಂಡು ಆಯ್ತಲ್ಲ. ಹಾವು ಹೋಗ್ಲಿ, ಚರ್ಮ ಒಬ್ರ ಸುಪರ್ದಿಗೆ ಇರ್ಲಿ. ಮುಚ್ಚಳಿಕೆ ಬರ್ಕೊಡಿ."

ಹೊರಗೆ ಕಾರು ಹಾರನ್ನು ಬಾರಿಸುತ್ತಿತ್ತು. ಮಾರೆಕ್ ಕಿಟಕಿಯಿಂದ ಊರುಗೋಲು ಬೀಸುತ್ತಿದ್ದ. ಸಾಹೇಬರು ತೋರಿಸಿದ ಆರು ಕಡೆ ರಾಮನಾಥ ಸಹಿ ಹಾಕಿ, ಠಸ್ಸೆ ಬಿದ್ದ ಪರವಾನಗಿಯನ್ನೂ ಡಬ್ಬಿಯನ್ನೂ ಎತ್ತಿಕೊಂಡು ಓಡಿದ. ಮಾರೆಕ್ ಅವನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ಸುಗಂಧಾಬಾಯಿ ಸಮುದ್ರದ ಕಡೆ ಮುಖ ತಿರುಗಿಸಿದಳು. ಕಾರು ಗೋವಾ ಗಡಿಯ ಮಾಜಾಳಿಯ ದಿಕ್ಕಿಗೆ ಹೋಯಿತು.

ಮೊಬೈಲು ಹೊಡೆದುಕೊಂಡಿತು. ಧಣಿಗಳು. "ಶಾಭಾಸ್! ಆರ್ಡರಿಗೆ ಸಹಿ ಆಯ್ತು. ಸೋಮವಾರ ಬೇಲೆಕೇರಿಗೆ ಹಾಜರಾಗು. ಆಗೂದಿಲ್ಲ ಅಂದ್ರೆ ಈಗ್ಲೇ ಹೇಳು, ಬೇರೆಯವ್ರು ಕಾದು ಕೂತಿದ್ದಾರೆ."

"ಆಗ್ತದೆ ಧಣಿ, ಆಗ್ತದೆ!" ಎನ್ನುತ್ತ ರಾಮನಾಥ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಒಳಗೆ ಬಂದ. ಕುಪ್ಪ ಪೊರೆಯ ಕಾಗದದ ಪೊಟ್ಟಣವನ್ನೂ ಮುಚ್ಚಳಿಕೆಯ ಪ್ರತಿಯನ್ನೂ ಅವನ ಕೈಗಿತ್ತ. ಆಗ ಅವನು ಅದನ್ನು ಓದಿದ.

"ಸಾಹೇಬ್ರೆ, ಇದು ನಾಲ್ಕನೇ ಕಲಮು... ಸುಪರ್ದುದಾರನು ಸದರಿ ವಸ್ತುವಿನೊಂದಿಗಾಗಲಿ ವಸ್ತುವಿಲ್ಲದೆಯಾಗಲಿ ಕಾರವಾರ ತಾಲೂಕು ಬಿಟ್ಟು ಹೋಗತಕ್ಕದ್ದಲ್ಲ?"

"ಮತ್ತೆ? ನೀವು ಊರು ಬಿಟ್ರೆ ಚರ್ಮಕ್ಕೆ ಯಾರು ದಿಕ್ಕು?"

"ಎಷ್ಟು ದಿವಸ?"

"ಮೇಲಿನ ಆದೇಶ ಬರೂವರೆಗೆ."

"ಎಷ್ಟು ದಿವಸಕ್ಕೆ ಬರ್ತದೆ?"

ದುರ್ಗಪ್ಪ ಸಾಹೇಬರು ಕೆಟ್ಟವರಲ್ಲ. ಅವರು ಪ್ರಾಮಾಣಿಕವಾಗಿ ಯೋಚಿಸಿದರು. "ನಾನು ನೌಕರಿಗೆ ಸೇರಿದ ವರ್ಷ ಒಂದು ಜಿಂಕೆ ಕೊಂಬಿಗೆ ಬರೆದದ್ದು ಅದೆ. ಅದರ ಉತ್ತರ ಮೊದ್ಲು ಬರ್ಬೇಕು."

"ಭಾನುವಾರ ಮನೆಗೆ?"

"ಮೂರು ದಿವಸ ಮುಂಚೆ ಅರ್ಜಿ ಕೊಡಿ, ಕಾಂಬ. ಅಂಕೋಲೆ ದಾರಿಯಲ್ಲಿ ಅಮದಳ್ಳಿವರೆಗೆ ಧಾರಾಳ ಹೋಗಿ. ಅದು ನಮ್ಮ ತಾಲೂಕೇ."

ಕೋಣೆಗೆ ಮರಳಿ ರಾಮನಾಥ ಪೊಟ್ಟಣವನ್ನು ಕಪಾಟಿನಲ್ಲಿಟ್ಟ. ಅಷ್ಟರಲ್ಲಿ ಹರಿಣಿಯ ಫೋನು ಬಂತು. ಹಿಂದೆ ಮಗಳು ಏನೋ ಹಾಡುತ್ತಿದ್ದಳು.

"ಹಾವು ಹೋಯ್ತಾ?"

"ಹೋಯ್ತು. ಇಷ್ಟೊತ್ತಿಗೆ ಗೋವಾ ಮುಟ್ಟಿರೂದು. ನಾಳೆ ಪೋಲೆಂಡು."

"ಅಂತೂ ಕಳಿತಲ್ಲ! ನೀವು ಯಾವಾಗ ಬರೂದು?"

ರಾಮನಾಥ ಕಿಟಕಿಯ ಹೊರಗೆ ನೋಡಿದ. ಅಂಕೋಲಾ ಬಸ್ಸು ಖಾಲಿಖಾಲಿಯಾಗಿ ಹೋಗುತ್ತಿತ್ತು.

"ಇನ್ನು ನಂದು ಕಾಗದಪತ್ರ ಆಗ್ಬೇಕು" ಎಂದ.