ಹೈದರಾಬಾದಿನಲ್ಲಿ ಬಿಟ್ಟಿಯಾಗಿ ಏಳು ತಿಂಗಳು

ಬಿಟ್ಟಿ ಸಿಗುವ ವಸ್ತುವಿಗೂ ನನಗೂ ಏನೋ ನಂಟಿದೆ. ಮೊನ್ನೆ ಕೂಡ ಸೂಪರ್ ಮಾರ್ಕೆಟ್ಟಿನಲ್ಲಿ ಉಪ್ಪಿನಕಾಯಿ ರುಚಿ ನೋಡುತ್ತಾ ನಿಂತವಳನ್ನು ಯಾರೋ ಅಲ್ಲಿಯ ಕೆಲಸದವಳೆಂದು ತಿಳಿದು ಇನ್ನೊಂದು ಚಮಚ ಕೇಳಿದರು. ನಾನೂ ಬೇಸರಿಸದೆ ಬಡಿಸಿದೆ. ಇಂಥವು ನನಗೆ ಆಗುತ್ತಲೇ ಇರುತ್ತವೆ, ಆದರೆ ಇದರ ಅಭ್ಯಾಸ ಹತ್ತಿದ್ದು ಸಾಫ್ಟ್‌ವೇರ್ ಸುಗ್ಗಿಯ ಕಾಲದಲ್ಲಿ, ಹೈದರಾಬಾದಿನ ಅಮೀರ್‌ಪೇಟ್‌ನ ಒಂದು ಲೇಡೀಸ್ ಹಾಸ್ಟೆಲಿನಲ್ಲಿ.

ಆಗಷ್ಟೇ ಡಿಗ್ರಿ ಮುಗಿಸಿ, ಕಂಪ್ಯೂಟರ್ ಕೋರ್ಸ್ ಮಾಡುತ್ತೇನೆಂದು ಮೈಸೂರಿನಿಂದ ಹೊರಟು ಬಂದಿದ್ದೆ. ಅಪ್ಪ ರೈಲು ಹತ್ತಿಸುವಾಗ ಒಂದೇ ಮಾತು ಹೇಳಿದ್ದರು. ದಸರೆಯೊಳಗೆ ಕೆಲಸ ಸಿಕ್ಕರೆ ಅಲ್ಲೇ ಇರು, ಸಿಗದಿದ್ದರೆ ವಾಪಸ್ ಬಂದು ಚಿಕ್ಕಪ್ಪನ ಪಾತ್ರೆ ಅಂಗಡಿಯಲ್ಲಿ ಕೂತುಕೋ. ಬಂದ ಎರಡೇ ವಾರಕ್ಕೆ ಈ ಊರು ನನಗೆ ಹುಚ್ಚು ಹಿಡಿಸಿಬಿಟ್ಟಿತು. ಪಾತ್ರೆ ಅಂಗಡಿಯ ಮಾತೇ ಬೇಡವಾಯಿತು.

ತೊಂಬತ್ತು ದಿನದ ಉಪಾಯ

ನನ್ನ ರೂಮ್‌ಮೇಟ್ ರಾಯಚೂರಿನವಳು. ಬಿಟ್ಟಿ ವಿದ್ಯೆಯಲ್ಲಿ ನನ್ನ ಗುರು ಅವಳೇ. ಅಮೀರ್‌ಪೇಟ್‌ನಲ್ಲಿ ಆಗ ಒಂದೊಂದು ಬಿಲ್ಡಿಂಗಿನಲ್ಲಿ ನಾಲ್ಕು ನಾಲ್ಕು ತರಬೇತಿ ಸಂಸ್ಥೆಗಳು. ಎಲ್ಲ ಕಡೆಯೂ ಒಂದೇ ಪದ್ಧತಿ. ಮೊದಲ ಮೂರು ದಿನ ಡೆಮೊ, ಪುಕ್ಕಟೆ ಬಂದು ಕೂತು ಕೇಳಬಹುದು. ಪಾಠ ಹಿಡಿಸಿದರೆ ನಾಲ್ಕನೇ ದಿನ ಫೀಸು ಕಟ್ಟಿ ಒಳಗೆ ಬರಬೇಕು.

ಗೋಡೆ ತುಂಬಾ ಅಂಟಿಸಿದ್ದ ಡೆಮೊ ಚೀಟಿಗಳನ್ನು ನೋಡಿ ಅವಳಿಗೆ ಜ್ಞಾನೋದಯವಾಯಿತು. "ಮೂರ್ ಮೂರು ದಿನದಾಂಗ ಮೂವತ್ತು ಕಡಿ ಕುಂತ್ರ ತೊಂಬತ್ತು ದಿನ ಆತು. ಪೂರಾ ಕೋರ್ಸ್ ಮುಗೀತೈತಿ. ಫೀಸ್ ಯಾಕ ಕಟ್ಟಬೇಕು?" ಎಂದಳು.

ಎಷ್ಟು ಸರಳ ಉಪಾಯ, ಇಷ್ಟು ದಿನ ಯಾರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ಹೆಮ್ಮೆಯಾಯಿತು. ಅಪ್ಪ ಕೊಟ್ಟಿದ್ದ ಫೀಸಿನ ಹಣವನ್ನು ಸೂಟ್‌ಕೇಸಿನ ತಳದಲ್ಲಿ ಮಲಗಿಸಿ ಡೆಮೊಗಳ ಬೆನ್ನು ಹತ್ತಿದೆವು. ಎಲ್ಲರೂ ಕಲಿಸುವುದು ಅದೇ ಮೊದಲ ಮೂರು ದಿನದ ಪಾಠ ಎಂಬ ಸಣ್ಣ ವಿಷಯ ನಮ್ಮ ತಲೆಗೆ ಹೋಗುವಷ್ಟರಲ್ಲಿ ಒಂದೂವರೆ ತಿಂಗಳು ಕಳೆದಿತ್ತು.

ಅಷ್ಟರಲ್ಲಿ ಒಂದು ಇಂಟರ್‌ವ್ಯೂ ಬಂತು. ಜಾವಾ ಯಾಕೆ ಕಲಿಯಬೇಕು ಎಂದು ಕೇಳಿದರು. ಹತ್ತು ನಿಮಿಷ ಎಲ್ಲಿಯೂ ತಡವರಿಸದೆ ಮಾತಾಡಿದೆ. ಅವರು ತಲೆದೂಗಿ, ಹಾಗಾದರೆ ಒಂದು ಪ್ರೋಗ್ರಾಂ ಬರೆಯಿರಿ ಎಂದು ಕಾಗದ ಮುಂದಿಟ್ಟರು. ನಾನು ಕುಡಿಯಲು ನೀರು ಕೇಳಿದೆ. ಜಾವಾ ಯಾಕೆ ಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಜಾವಾ ಒಂದು ಗೊತ್ತಿರಲಿಲ್ಲ.

ಭಾನುವಾರದ ವಾಸ್ತು

ಭಾನುವಾರ ಡೆಮೊಗಳಿಗೆ ರಜೆ. ಅದಕ್ಕೂ ರೂಮ್‌ಮೇಟ್ ದಾರಿ ಹುಡುಕಿದಳು. ಆ ದಿನಗಳಲ್ಲಿ ಸೈಟ್ ಮಾರುವವರು ಊರಾಚೆಯ ಲೇಔಟ್ ತೋರಿಸಲು ಜನರನ್ನು ಬಿಟ್ಟಿ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ಎಸಿ ಬಸ್ಸು, ಹತ್ತಿದ ಕೂಡಲೇ ತಣ್ಣನೆ ಮಜ್ಜಿಗೆ, ಮಧ್ಯಾಹ್ನ ಶಾಮಿಯಾನದ ಕೆಳಗೆ ಬಿರಿಯಾನಿ. ಹಾಸ್ಟೆಲಿನ ನೀರು ಸಾಂಬಾರಿನಲ್ಲಿ ಬೇಳೆ ಹುಡುಕಿ ಸೋತಿದ್ದ ನಮಗೆ ಅದು ಮದುವೆ ಮನೆ. ಇದ್ದ ಒಂದೊಂದು ರೇಷ್ಮೆ ಸೀರೆ ಉಟ್ಟು, ಅಮೆರಿಕದಲ್ಲಿರುವ ಅಣ್ಣನ ಪರವಾಗಿ ಸೈಟ್ ನೋಡಲು ಬಂದವರಂತೆ ಹತ್ತಿಬಿಡುತ್ತಿದ್ದೆವು. ಇಬ್ಬರಿಗೂ ಅಣ್ಣ ಇರಲಿಲ್ಲ.

ಉಂಡ ಮೇಲೆ ಕೊಳ್ಳದಿರಲು ಒಂದು ನೆಪ ಬೇಕಲ್ಲ. ಅವಳು ವಾಸ್ತು ಹಿಡಿದಳು. ಹೈದರಾಬಾದಿನ ಸುತ್ತಮುತ್ತ ಬಂಡೆಗಳಿಗೇನು ಬರ. ಯಾವ ಸೈಟ್ ತೋರಿಸಿದರೂ ಈಶಾನ್ಯದಲ್ಲಿ ಒಂದು ಬಂಡೆ ಹುಡುಕಿ, ಕಣ್ಣು ಮುಚ್ಚಿ, ಬೇಡವೆಂದು ತಲೆಯಾಡಿಸುವಳು. ಏಜೆಂಟ್ ಮುಖ ಸಣ್ಣದು ಮಾಡಿಕೊಳ್ಳುವನು.

ಮೂರನೇ ಭಾನುವಾರ ಎಡವಟ್ಟಾಯಿತು. ಸೈಟ್ ಕೊಳ್ಳಲು ಮನಸ್ಸು ಮಾಡಿದ್ದ ರಿಟೈರ್ಡ್ ದಂಪತಿ ಇವಳ ತಲೆಯಾಟ ನೋಡಿ, ನಮ್ಮದೂ ಒಂದು ಸ್ವಲ್ಪ ನೋಡಮ್ಮ ಎಂದರು. ಸುಮ್ಮನಿರು ಎಂದು ನಾನು ಸೆರಗು ಜಗ್ಗಿದೆ. ಬಿರಿಯಾನಿಯ ಋಣ ಅವಳಿಗೆ ನೆನಪಾಗಲಿಲ್ಲ. ಅವರ ಸೈಟಿನಲ್ಲೂ ಬಂಡೆ ಕಂಡಿತು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಸಂಜೆಯ ಹೊತ್ತಿಗೆ ಬಸ್ಸಿನಲ್ಲಿ ಒಬ್ಬರೂ ಅಡ್ವಾನ್ಸ್ ಕೊಟ್ಟವರಿರಲಿಲ್ಲ, ಎಲ್ಲರೂ ಇವಳಿಗೆ ಕೈ ತೋರಿಸಲು ಸಾಲು ನಿಂತಿದ್ದರು. ಅವಳು ಜ್ಯೋತಿಷ್ಯ ತನ್ನ ವಿಷಯವಲ್ಲವೆಂದು ವಿನಯದಿಂದ ಹೇಳಿದಳು.

ಮುಂದಿನ ಭಾನುವಾರ ಬಸ್ಸಿನ ಬಾಗಿಲಲ್ಲಿ ಏಜೆಂಟ್ ಕೈಮುಗಿದು ನಿಂತಿದ್ದ. ಪಾಪ, ಬೈಯಲಿಲ್ಲ. "ಅಮ್ಮ, ನೀವು ಬರಬೇಡಿ. ಹಾಸ್ಟೆಲ್ ಎಲ್ಲಿ ಹೇಳಿ, ಬಿರಿಯಾನಿ ಅಲ್ಲಿಗೇ ಕಳಿಸ್ತೀನಿ" ಎಂದ. ನುಡಿದಂತೆ ನಡೆದ ಮನುಷ್ಯ, ಎರಡು ವಾರ ಕಳಿಸಿದ. ಎರಡನೇ ವಾರ ಜೊತೆಗೆ ಮೊಸರು ಬಜ್ಜಿ ಬಂದಿಲ್ಲವೆಂದು ಇವಳು ಫೋನ್ ಮಾಡಿದ ಮೇಲೆ ಅದೂ ನಿಂತಿತು.

ಅಬಿಡ್ಸ್‌ನ ಗಿರಾಕಿ

ಆಮೇಲೆ ನನ್ನ ಭಾನುವಾರಗಳು ಊರೊಳಗಿನ ಪೇಟೆ ಅಬಿಡ್ಸ್‌ನ ಫುಟ್‌ಪಾತಿಗೆ ಹೋದವು. ಮುಚ್ಚಿದ ಅಂಗಡಿಗಳ ಮುಂದೆ ಹಳೇ ಪುಸ್ತಕ ಹರಡಿಕೊಂಡು ಕೂರುತ್ತಾರೆ. ಒಬ್ಬ ಮುದುಕರ ರಾಶಿಯಲ್ಲಿ ದಪ್ಪನೆಯ ಪತ್ತೇದಾರಿ ಕಾದಂಬರಿಯೊಂದು ಸಿಕ್ಕಿತು. ನಿಂತೇ ಓದಲು ಶುರುಮಾಡಿದೆ. ಹೊರಡುವಾಗ ಬಸ್ ಟಿಕೆಟ್ ಗುರುತಿಟ್ಟು ರಾಶಿಯ ತಳಕ್ಕೆ ತಳ್ಳುವುದು, ಮುಂದಿನ ವಾರ ಹೋಗಿ ಮುಂದುವರಿಸುವುದು. ಮುದುಕರು ನೋಡಿಯೂ ನೋಡದಂತೆ ಇದ್ದರು.

ಐದನೇ ವಾರ ಕೊನೆಗೆ ಬಂದರೆ ಕೊನೆಯ ಹಾಳೆಗಳೇ ಇಲ್ಲ. ಕೊಲೆ ಮಾಡಿದವರು ಯಾರೆಂದು ಗೊತ್ತಾಗುವ ಜಾಗಕ್ಕೇ ಯಾರೋ ಕೈ ಹಚ್ಚಿದ್ದಾರೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಂಥ ಮಾಲು ಇಟ್ಟುಕೊಂಡು ಗಿರಾಕಿಗಳಿಗೆ ಮೋಸ ಮಾಡುತ್ತೀರಾ, ಐದು ವಾರ ನಿಂತು ಓದಿದ್ದೇನೆ, ಕಾಲು ನೋಯುತ್ತಿದೆ ಎಂದು ನನ್ನ ಅರೆಬರೆ ಹಿಂದಿಯಲ್ಲಿ ಜೋರು ಮಾಡಿದೆ.

ಮುದುಕರು ಗಾಬರಿಯಾಗಿ "ಮಾಫ್ ಕರೋ ಬೇಟಿ" ಎಂದು ಕ್ಷಮೆ ಕೇಳಿ, ಮುಂದಿನ ವಾರ ಹಾಳೆ ಪೂರ್ತಿ ಇರುವ ಇನ್ನೊಂದು ಪ್ರತಿ ಹುಡುಕಿ ಇಟ್ಟರು. ಜೊತೆಗೆ ಕೂತು ಓದಲು ಒಂದು ಸ್ಟೂಲು.

ನಾಲ್ಕನೇ ದಿನ

ಹೀಗೆ ಸುಖವಾಗಿದ್ದಾಗ ದಸರೆ ಬಂದು ಬಾಗಿಲಲ್ಲಿ ನಿಂತಿತು. ಇನ್ನು ನಾಲ್ಕು ದಿನವಿದೆ, ಸ್ಟೇಷನ್ನಿಗೆ ಎಷ್ಟು ಹೊತ್ತಿಗೆ ಬರಲಿ ಎಂದು ಅಪ್ಪ ಫೋನ್ ಮಾಡಿದರು. ಅವತ್ತು ರಾತ್ರಿ ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಕೆಲಸ ಸಿಗಲಿಲ್ಲವೆಂದು ಅಳಲಿಲ್ಲ, ಊರು ಬಿಡಬೇಕಲ್ಲ ಎಂದು ಅತ್ತೆ.

ಮರುದಿನ ಬೆಳಿಗ್ಗೆ ಕಡೆಯ ಸಲ ಎಂದುಕೊಂಡು ಇಬ್ಬರೂ ಒಂದು ಡೆಮೊಗೆ ಹೋದೆವು. ಆ ಸಂಸ್ಥೆಯಲ್ಲಿ ಅದೇ ಪಾಠವನ್ನು ಅಷ್ಟರಲ್ಲಿ ಆರು ಸಲ ಕೇಳಿದ್ದೆವು. ರೂಮ್‌ಮೇಟ್ ಒಳಗೆ ನುಸುಳಿದಳು. ನನ್ನನ್ನು ಮಾತ್ರ ಮಾಲೀಕರು ಬಾಗಿಲಲ್ಲಿ ತಡೆದರು.

"ನೀವು ಎಷ್ಟನೇ ಸಲ ಬರ್ತಿದ್ದೀರಿ?"

ಏಳನೇ ಸಲ ಎಂದೆ. ಕಡೆಯ ದಿನ ಕತ್ತು ಹಿಡಿದು ದಬ್ಬಿಸಿಕೊಂಡು ಹೋಗುವ ಯೋಗ ಎಂದುಕೊಂಡೆ.

ಅವರ ಹಣೆಯಲ್ಲಿ ಬೆವರು ಇತ್ತು. ಪಾಠ ಮಾಡುವ ಸರ್ ಹಿಂದಿನ ದಿನವೇ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಹೋಗಿಬಿಟ್ಟಿದ್ದರು. ಒಳಗೆ ಇನ್ನೂರು ಜನ ಕೂತಿದ್ದಾರೆ, ಈಗ ಎದ್ದರೆ ಸೀದಾ ಎದುರಿನ ಬಿಲ್ಡಿಂಗಿಗೆ ಹೋಗುತ್ತಾರೆ. "ನೀವೇ ಹೇಳಿಬಿಡಿ. ಜನ ನಿಂತರೆ ನಾಳೆಯಿಂದ ಕೆಲಸ ನಿಮ್ಮದು. ಪ್ರತಿ ಬ್ಯಾಚಿಗೂ ಮೊದಲ ಮೂರು ದಿನದ ಪಾಠ ಮಾತ್ರ. ಆಮೇಲೆ ಬೇರೆ ಸರ್ ಬರ್ತಾರೆ" ಎಂದರು.

ಮೈಕ್ ಹಿಡಿದೆ. ಬಾಯಿ ತನ್ನಷ್ಟಕ್ಕೆ ಶುರುವಾಯಿತು. ಸರ್ ಎಲ್ಲಿ ಬೋರ್ಡ್ ಒರೆಸುತ್ತಿದ್ದರೋ ಅಲ್ಲಿ ಒರೆಸಿದೆ, ಎಲ್ಲಿ ಕೆಮ್ಮುತ್ತಿದ್ದರೋ ಅಲ್ಲಿ ಕೆಮ್ಮಿದೆ. ಅವರ ತೆಲುಗು ಜೋಕುಗಳನ್ನೂ ಬಿಡಲಿಲ್ಲ. ಅರ್ಥ ಪೂರ್ತಿ ತಿಳಿಯದಿದ್ದರೂ ಜನ ಎಲ್ಲಿ ನಗುತ್ತಾರೆಂಬುದು ತಿಳಿದಿತ್ತು, ಅಲ್ಲಿ ನಿಲ್ಲಿಸಿ ಕಾದೆ. ನಕ್ಕರು. ಮಾಲೀಕರು ಬಾಗಿಲಿಗೊರಗಿ ನೆಮ್ಮದಿಯಾಗಿ ನಿಂತರು.

ಇನ್ನೇನು ಮುಗಿಯಿತು ಎನ್ನುವಾಗ ಕಡೆಯ ಬೆಂಚಿನಿಂದ ಒಂದು ಕೈ ಎದ್ದಿತು. ನನ್ನ ರೂಮ್‌ಮೇಟ್. ಮುಖದಲ್ಲಿ ನಗು ಒಂದು ಚೂರೂ ಇರಲಿಲ್ಲ, ಅಂದರೆ ಕೀಟಲೆ ಎಂದೇ ಲೆಕ್ಕ.

"ಮೇಡಂ, ನಾಲ್ಕನೇ ದಿನ ಏನು ಹೇಳಿಕೊಡ್ತೀರಿ?" ಎಂದು ಹಿಂದಿಯಲ್ಲಿ ಕೇಳಿದಳು.

ಇನ್ನೂರು ಮುಖಗಳು ನನ್ನತ್ತ ತಿರುಗಿದವು. ಮಾಲೀಕರು ಒರಗಿದ್ದ ಬಾಗಿಲು ಬಿಟ್ಟು ನೆಟ್ಟಗಾದರು. ನಾಲ್ಕನೇ ದಿನದ ಪಾಠ ಕರಿಯದೋ ಬಿಳಿಯದೋ ನಾನು ಕಂಡವಳಲ್ಲ. ಪಾತ್ರೆ ಅಂಗಡಿಯ ಕೊಡಪಾನಗಳು ಕಣ್ಣ ಮುಂದೆ ಸಾಲಾಗಿ ಬಂದವು.

ಸಾವರಿಸಿಕೊಂಡು, ಆದಷ್ಟು ಗಂಭೀರವಾಗಿ ಹೇಳಿದೆ. "ಕೇಳಬೇಕಾದ ಪ್ರಶ್ನೆ ಕೇಳಿದಿರಿ. ಆದರೆ ಎಲ್ಲವನ್ನೂ ಬಿಟ್ಟಿ ಕೇಳಬಾರದಮ್ಮ. ಕೆಳಗೆ ಹೋಗಿ ಫೀಸ್ ಕಟ್ಟಿ."

ಹಾಲ್ ಘೊಳ್ಳೆಂದಿತು. ಮಾಲೀಕರು ರಸೀದಿ ಪುಸ್ತಕಕ್ಕೆಂದು ಕೆಳಗೆ ಓಡಿದರು, ಅವರ ಹಿಂದೆಯೇ ಫೀಸ್ ಕಟ್ಟಲು ಜನರೂ ಮೆಟ್ಟಿಲಿಳಿದರು. ಎಲ್ಲರಿಗಿಂತ ಮುಂದೆ ದಾರಿ ಬಿಡಿಸಿಕೊಂಡು ಹೋಗುತ್ತಿದ್ದವಳು ನನ್ನ ರೂಮ್‌ಮೇಟೇ. ಎದುರಿನ ಬಿಲ್ಡಿಂಗಿನಲ್ಲಿ ಹನ್ನೊಂದಕ್ಕೆ ಇನ್ನೊಂದು ಡೆಮೊ ಇತ್ತು.