ಬದುವಿನ ಮೇಲೆ ಐದು ದೇಶಗಳ ಸಾಕ್ಷಿ

ಅಮೆರಿಕದ ಮಾತನ್ನು ನಂಬದವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಅಮೆರಿಕವನ್ನು ದೋರನಹಳ್ಳಿಯ ಹೊಲದ ಬದುವಿನ ಮೇಲೆ ಸಾಕ್ಷಿಗೆ ನಿಲ್ಲಿಸಿ, ಪಾಟೀಸವಾಲು ಹಾಕಿ, 'ನಿನ್ನೊಬ್ಬನ ಮಾತು ಸಾಲದು' ಎಂದು ವಾಪಸು ಕಳಿಸಿದವರು ನನಗೆ ತಿಳಿದಂತೆ ಒಬ್ಬರೇ. ಅವರು ನಮ್ಮ ಅತ್ತೆ, ಅಪ್ಪನ ಒಡಹುಟ್ಟಿದ ತಂಗಿ. ಈ ಅವಮಾನದ ಸುದ್ದಿ ಅಮೆರಿಕಕ್ಕೆ ಇನ್ನೂ ಮುಟ್ಟಿದಂತಿಲ್ಲ. ಮುಟ್ಟಿದ್ದರೆ ಅವರು ಸುಮ್ಮನೆ ಕೂರುವ ಪೈಕಿಯೇ?

ಅತ್ತೆಯ ಧರ್ಮಗ್ರಂಥದಲ್ಲಿ ಇರುವುದು ಒಂದೇ ವಾಕ್ಯ: "ಒಬ್ಬರ ಮಾತು ಮಾತಲ್ಲ." ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಶಹಾಪುರದ ಬಸ್ಸು ಹತ್ತುವ ಮುಂಚೆ ಅವರು ಬೋರ್ಡು ಓದುತ್ತಾರೆ. ಓದಿ ಆದ ಮೇಲೆ ಡ್ರೈವರನ್ನು ಕೇಳುತ್ತಾರೆ, ಕಂಡಕ್ಟರನ್ನು ಕೇಳುತ್ತಾರೆ, ಕಿಟಕಿ ಪಕ್ಕ ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸಿ ಕೇಳುತ್ತಾರೆ. ಒಮ್ಮೆ ಕಂಡಕ್ಟರಿಗೆ ತಲೆ ಕೆಟ್ಟು, "ಯಮ್ಮಾ, ಇದು ದಿಲ್ಲಿಗೆ ಹೊಂಟದ. ಇಳೀತೀರೇನು?" ಎಂದುಬಿಟ್ಟ. ಅತ್ತೆ ನನ್ನ ಕಡೆ ತಿರುಗಿ, "ನೋಡಿದ್ಯಾ? ಇದಕ್ಕ ಕೇಳಬೇಕು ಅನ್ನೂದು! ಉಳಿದವರೆಲ್ಲಾ ಶಹಾಪುರ ಅಂದ್ರು, ಈ ಒಬ್ಬಾಂವ ದಿಲ್ಲಿ ಅಂದ" ಎಂದರು. ಬಸ್ಸು ಶಹಾಪುರ ಮುಟ್ಟುವ ತನಕ ಅವರ ಕಣ್ಣು ಕಂಡಕ್ಟರನ ಮೇಲೆಯೇ ಇತ್ತು.

ಜ್ವರ ಬಂದರೆ ಇಬ್ಬರು ಡಾಕ್ಟರು ಒಂದೇ ಗುಳಿಗೆ ಹೇಳುವ ತನಕ ನುಂಗುವುದಿಲ್ಲ. ಅಷ್ಟರಲ್ಲಿ ಜ್ವರವೇ ಬೇಸತ್ತು ಹೋಗಿರುತ್ತದೆ. ನನಗೆ ಗಂಡು ಗೊತ್ತು ಮಾಡುವಾಗ ಅತ್ತೆ ಗಂಡಿನ ಮನೆಯವರನ್ನು ಏನೂ ಕೇಳಲಿಲ್ಲ. ಅವರ ಓಣಿಯ ಹಿಟ್ಟಿನ ಗಿರಣಿಯವನನ್ನು ಕೇಳಿದರು, ಕ್ಷೌರದವನನ್ನು ಕೇಳಿದರು, ಎಮ್ಮೆ ಹಾಲಿನವಳನ್ನು ಕೇಳಿದರು. "ಪೊಲೀಸರು ಸೈತ ನನ್ನನ್ನು ಇಷ್ಟು ವಿಚಾರಣೆ ಮಾಡುತ್ತಿರಲಿಲ್ಲ" ಎಂದು ನಮ್ಮ ಯಜಮಾನರು ಇವತ್ತಿಗೂ ಗೊಣಗುತ್ತಾರೆ. ಗೊಣಗಲಿ ಬಿಡಿ! ಹಾಲಿನವಳು ಹೇಳಿದ್ದು ಅಕ್ಷರ ಅಕ್ಷರ ಖರೆಯಾಗಿದೆ, ನಾನು ಸುಖವಾಗಿದ್ದೇನೆ. ಅತ್ತೆಗೆ ಅದಕ್ಕಾಗಿ ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ.

ಇಂಥ ಅತ್ತೆಗೂ ನಮ್ಮಪ್ಪನಿಗೂ ಮಾತು ಬಿಟ್ಟಿತ್ತು. ಕಾರಣ ಕಾಲುವೆ. ಅತ್ತೆಯನ್ನು ಸುರಪುರಕ್ಕೆ ಕೊಟ್ಟಾಗ ನಮ್ಮಜ್ಜ ಅಪ್ಪನ ಹೊಲಕ್ಕೆ ಹೊಂದಿಕೊಂಡ ಎರಡೆಕರೆ ಜಮೀನನ್ನು ಮಗಳ ಉಡಿಗೆ ಹಾಕಿದ್ದ. ಆಗ ಅದು ಕಲ್ಲು ಬರಡು, ಪುಕ್ಕಟೆ ಕೊಟ್ಟರೂ ಯಾರೂ ಒಯ್ಯುತ್ತಿರಲಿಲ್ಲ. ಆಮೇಲೆ ಕಾಲುವೆ ಬಂತು, ನೀರು ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಬರಡಿಗೆ ಬಂಗಾರದ ಬೆಲೆ ಬಂತು. ಒಂದು ಪಂಚಮಿ ಹಬ್ಬದಲ್ಲಿ ಊಟಕ್ಕೆ ಕೂತಾಗ ಅಪ್ಪನ ಬಾಯಿಂದ ಒಂದು ಮಾತು ಜಾರಿತು: "ಬರಡು ಅಂತ ಕೊಟ್ವಿ. ನೀರು ಬರ್ತದ ಅಂತ ಗೊತ್ತಿದ್ರ ಕೊಡ್ತಿದ್ವೇನು?" ಅತ್ತೆ ಗಂಗಾಳ ಸರಿಸಿ ಎದ್ದರು. ಕೈ ತೊಳೆದರು. ಸುರಪುರದ ಬಸ್ಸು ಹತ್ತಿದರು. (ಅವತ್ತು ಬೋರ್ಡು ಕೂಡ ಓದಲಿಲ್ಲವಂತೆ, ಅಷ್ಟು ಸಿಟ್ಟು!)

ನಮ್ಮ ಕಡೆ ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆದು ತರಬೇಕು. ಕರೆಯದೆ ತಂಗಿ ಬರುವಂತಿಲ್ಲ. ಅಪ್ಪ ಕರೆಯಲು ಹೋಗಲಿಲ್ಲ, ಅತ್ತೆ ಬರಲಿಲ್ಲ. ಹೀಗೆ ಎಷ್ಟು ಪಂಚಮಿ ಹೋದವೋ! ಗಂಡ ತೀರಿಕೊಂಡ ಮೇಲೂ ಅತ್ತೆ ಎರಡೆರಡು ಬಸ್ಸು ಬದಲಿಸಿ ಹೊಲಕ್ಕೆ ಬರುತ್ತಿದ್ದರು. ಛತ್ರಿ ಹಿಡಿದು ನಮ್ಮ ಮನೆ ಮುಂದೆಯೇ ಹಾದುಹೋಗುತ್ತಿದ್ದರು, ಕತ್ತು ಮಾತ್ರ ಈ ಕಡೆ ಹೊರಳುತ್ತಿರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಅತ್ತೆ ಮುಂದೆ ಹೋದ ಮೇಲೆ ಪೇಪರು ಇಳಿಯುತ್ತಿತ್ತು, ಛತ್ರಿ ಮರೆಯಾಗುವ ತನಕ ನೋಡುತ್ತಿದ್ದರು. ನಾನು ಕೇಳಿದರೆ, "ಮಳಿ ಬರೂ ಹಂಗ ಅದ ಏನು ಅಂತ ನೋಡಾಕತ್ತೀನಿ" ಎನ್ನುವರು. ಕಡು ಬೇಸಿಗೆಯಲ್ಲಿ!

ಹೀಗಿರುವಾಗ ಒಂದು ವರ್ಷ, ಕಾಲುವೆಗೆ ನೀರು ಬಿಡುವ ಮುಂಚೆ, ಅಪ್ಪನಿಗೆ ಸರ್ವೆ ಆಫೀಸಿನ ನೋಟೀಸು ಬಂತು. ತಂಗಿ ಹದ್ದುಬಸ್ತಿಗೆ ಅರ್ಜಿ ಹಾಕಿದ್ದಳು, ಹೊಲದ ಗಡಿ ಅಳೆದು ಗುರುತು ಮಾಡಿಕೊಡಬೇಕೆಂದು! ಅಪ್ಪ ಮನೆಯೆಲ್ಲ ಒಂದು ಮಾಡಿದರು. "ನೋಟೀಸ್! ಒಡಹುಟ್ಟಿದ ತಂಗಿ! ನನ್ನ ಮ್ಯಾಗ!" ನಾನು ಶಹಾಪುರದ ಹೈಸ್ಕೂಲಿನಲ್ಲಿ ಟೀಚರು. ರಜೆ ಹಾಕಿ ಓಡಿ ಬಂದೆ. ಇಬ್ಬರಿಗೂ ಮಾತಿಲ್ಲ, ಅತ್ತಿಂದಿತ್ತ ಮಾತು ಮುಟ್ಟಿಸಲು ಒಬ್ಬರು ಬೇಕಲ್ಲ? ಬದು ಇದ್ದಲ್ಲಿಂದ ಒಂದು ಮೊಳ ಸರಿದರೂ ಈ ಜನ್ಮದಲ್ಲಿ ಇವರಿಬ್ಬರು ಮತ್ತೆ ಮುಖ ನೋಡುವುದಿಲ್ಲ ಎಂಬ ಹೆದರಿಕೆ ನನಗೆ.

ಅಳೆಯಲು ಯಾದಗಿರಿಯಿಂದ ಷಬಾನಾ ಎಂಬ ಹುಡುಗಿ ಬಂದಳು. ಸರಪಳಿ ಇಲ್ಲ, ಟೇಪು ಇಲ್ಲ, ಒಂದು ಉದ್ದ ಕೋಲು, ಅದರ ತುದಿಗೆ ಅಣಬೆಯಂಥದೊಂದು ಯಂತ್ರ. ಅತ್ತೆ ಕೇಳಿದ ಮೊದಲ ಪ್ರಶ್ನೆಯೇ ವಿಚಿತ್ರವಾಗಿತ್ತು.

"ಯವ್ವಾ, ಅಳಿಯೂಮುಂದ ಬಾಜು ಹೊಲದವರು ಇರಬೇಕೇನು?"

"ಇರಬೇಕ್ರಿ ಅಮ್ಮಾ. ಅವರು ಇಲ್ಲಂದ್ರ ಆಮ್ಯಾಲ ತಕರಾರು ಬರ್ತದ."

"ಹಂಗಾದ್ರ ಇರಲಿ" ಎಂದು ಅತ್ತೆ ಸೆರಗು ಬಿಗಿದರು. ಬಾಜು ಹೊಲದವರು ಎಂದರೆ ನಮ್ಮಪ್ಪ, ತಮ್ಮ ಕಡೆಯ ಬೇವಿನ ಗಿಡದ ಕೆಳಗೆ ಯಾವುದೋ ದೇಶದ ಗಡಿ ಕಾಯುವವರಂತೆ ನಿಂತಿದ್ದರು.

ಷಬಾನಾ ವಿವರಿಸಿದಳು. ಮೇಲೆ ಉಪಗ್ರಹಗಳಿವೆ, ಅವು ಸಿಗ್ನಲ್ ಕಳಿಸುತ್ತವೆ, ಅದನ್ನು ಹಿಡಿದು ಜಾಗ ಗುರುತಿಸುವುದು. "ಒಂದರ ಮಾತಿನಿಂದ ಆಗಂಗಿಲ್ರಿ. ಕಡಿಮಿ ಅಂದ್ರ ನಾಕು ಬೇಕು."

ಅತ್ತೆಗೆ ರೋಮಾಂಚನವಾಯಿತು. "ಕೇಳಿದ್ಯಾ? ಇದು ನಮ್ಮಂಥ ಮಿಷನ್ ನೋಡು!"

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆ ಹುಡುಗಿ ಉತ್ಸಾಹದಲ್ಲಿ ಪರದೆಯನ್ನು ಅತ್ತೆಯ ಮುಂದೆ ಹಿಡಿದಳು. ಅದರ ತುಂಬ ಸಣ್ಣ ಸಣ್ಣ ಬಾವುಟ. ಇವು ಅಮೆರಿಕದವು, ಇವು ರಷ್ಯಾದವು, ಇವು ಯುರೋಪಿನವು, ಇವು ಚೀನಾದವು, ಇವು ನಮ್ಮವು. ಅತ್ತೆಯ ಕಣ್ಣು ಸಣ್ಣಗಾಯಿತು. "ಎಲ್ಲಾರನ್ನೂ ಕೂಡಿಸಿ ಕೇಳಿದ್ರ ಒಬ್ಬರ ಮಾರಿ ಒಬ್ಬರು ನೋಡಿ ಸಾಕ್ಷಿ ಹೇಳ್ತಾರ. ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕೇಳಾಕ ಬರ್ತದೇನು?"

"ಬರ್ತದ್ರಿ, ಬ್ಯಾರೆಯವರನ್ನ ಬಂದ್ ಮಾಡಬಹುದು. ಆದ್ರ ಯಾರೂ ಹಂಗ ಮಾಡಂಗಿಲ್ರಿ."

"ನಾವು ಮಾಡೋಣು."

ಮೊದಲು ಅಮೆರಿಕ. ಕೋಲು ನೆಟ್ಟು, ಕಾದು, ಲೆಕ್ಕ ನೋಡಿದರೆ ಬದು ಇರಬೇಕಾದಲ್ಲೇ ಇದೆ! ಅಜ್ಜ ಗಡಿಗೆ ಹುಗಿದ ಬಾಂದಗಲ್ಲು ಒಂದು ಬೆರಳೂ ಆಚೀಚೆ ಆಗಿಲ್ಲ. ನಾನು ಉಸಿರು ಬಿಟ್ಟೆ. ಯಾರದೂ ಹೋಗಲಿಲ್ಲ, ಯಾರಿಗೂ ಬರಲಿಲ್ಲ, ಇನ್ನೇನು ಬೇಕು? ಆದರೆ ಅತ್ತೆ ಅಡ್ಡಡ್ಡ ತಲೆ ಆಡಿಸಿದರು.

"ಅಮೆರಿಕದವರು ಹಿಂದ ಎಂದಾದ್ರೂ ಸುಳ್ಳು ಹೇಳ್ಯಾರೇನು?"

ಷಬಾನಾ ಪ್ರಾಮಾಣಿಕಳು, ಪಾಪ. "ಮೊದಲೆಲ್ಲಾ ಮಂದಿಗಿ ಸರಿ ಜಾಗ ತಿಳೀಬಾರದು ಅಂತ ಬೇಕಂತ ಸ್ವಲ್ಪ ಹೆಚ್ಚುಕಮ್ಮಿ ಮಾಡಿ ಕೊಡ್ತಿದ್ರಂತ್ರಿ. ಅದನ್ನ ಬಿಟ್ಟು ಭಾಳ ವರ್ಷ ಆತು."

"ಬಿಟ್ಟೀನಿ ಅಂತ ಯಾರು ಹೇಳ್ಯಾರ? ಅವರೇ ಹೇಳ್ಯಾರ! ನಾಳಿ ರಷ್ಯಾದವರನ್ನ ಕರಿ."

ಅಪ್ಪನಿಗೆ ಬೆಂಕಿ ಬಿದ್ದಂತಾಯಿತು. "ಅಕಿಗಿ ಹೇಳು, ನನಗ ಬ್ಯಾರೆ ಕೆಲಸ ಅದಾವ ಅಂತ." ನಾನು ಅತ್ತೆಗೆ ಹೇಳಿದೆ. "ಬಾಜು ಹೊಲದವರು ಇಲ್ಲಂದ್ರ ಅಳತಿ ನಡಿಯಂಗಿಲ್ಲ ಅಂತ ಹೇಳು ಅವರಿಗಿ." ನಾನು ಅಪ್ಪನಿಗೆ ಹೇಳಿದೆ. ಇಬ್ಬರ ನಡುವೆ ಹತ್ತು ಮಾರು ದೂರವೂ ಇರಲಿಲ್ಲ! ಮೇಲಿನ ಉಪಗ್ರಹಗಳಿಗಾದರೂ ನಡುನಡುವೆ ಬಿಡುವಿರಬಹುದು, ನನಗೆ ಇರಲಿಲ್ಲ. ಷಬಾನಾಗೆ ಆ ವಾರವೆಲ್ಲ ಅದೇ ಊರಿನಲ್ಲಿ ಬೇರೆ ಹೊಲಗಳ ಅಳತೆ ಇತ್ತು. ಜೊತೆಗೆ ಅತ್ತೆ ಬುತ್ತಿ ಬಿಚ್ಚಿದ್ದನ್ನೂ ನೋಡಿದ್ದಳು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ, ಅಂದರೆ ನಮ್ಮ ಕಡೆಯ ಹಿಂಡಿ. "ಬರ್ತೀನ್ರಿ ಅಮ್ಮಾ, ಅದಕ್ಕೇನು" ಎಂದಳು.

ರಷ್ಯಾ ಕೂಡ ಅದೇ ಬದು ಎಂದಿತು. ಅತ್ತೆ ಒಪ್ಪಲಿಲ್ಲ. "ರಷ್ಯಾದವರು ನಮಗ ಹಳೇ ದೋಸ್ತರು. ದೋಸ್ತ್ ಸಾಕ್ಷಿ ಯಾವ ಕೋರ್ಟಿನ್ಯಾಗ ನಡೀತದ?" ಅವತ್ತು ಅಪ್ಪ ಬಿಸಿಲಿಗೆ ಬಾಯಾರಿ, ಅತ್ತೆಯ ತಂಬಿಗೆಯ ನೀರನ್ನು ನನ್ನ ಕೈಯಿಂದ ಇಸಿದುಕೊಂಡು ಕುಡಿದರು. ಕುಡಿದಾದ ಮೇಲೆ, "ನೀ ಕೊಟ್ಟಿದ್ದು. ಅಕಿ ಕೊಟ್ಟಿದ್ದಲ್ಲ" ಎಂದು ಸ್ಪಷ್ಟಪಡಿಸಿದರು.

ಮರುದಿನ ಯುರೋಪು. ಯುರೋಪಿನವರು ಬಹಳ ದೇಶ ಕೂಡಿ ಒಂದೇ ವ್ಯವಸ್ಥೆ ಮಾಡಿಕೊಂಡಿದ್ದಾರೆ, ಮೊದಮೊದಲು ಚೀನಾದವರೂ ಅದರಲ್ಲಿ ಪಾಲು ಹಾಕಿದ್ದರು, ಆಮೇಲೆ ಹೊಂದಲಿಲ್ಲ ಎಂದು ಷಬಾನಾ ಹೇಳಿದಳು.

"ಕೂಡಿದ್ದವರು ಬ್ಯಾರಿ ಆದ್ರು ಅನ್ನು."

"ಹೂನ್ರಿ. ಯಾರ ಸಿಗ್ನಲ್ ಎಲ್ಲಿರಬೇಕು ಅಂತ ಜಗಳನೂ ಆತು. ಬ್ಯಾರೆಯವರ ಮ್ಯಾಲೂ ಎಲ್ಲಾರಿಗಿ ಅನುಮಾನ. ನಾಳಿ ಯುದ್ಧ ಆದ್ರ ಅಮೆರಿಕದವರು ಬಂದ್ ಮಾಡಿದ್ರ ಏನ್ ಗತಿ ಅಂತ ಒಬ್ಬೊಬ್ಬರೂ ತಮ್ಮ ತಮ್ಮದು ಮಾಡಿಕೊಂಡಾರ."

"ತೂಬು ಮ್ಯಾಲಿನವನ ಕೈಯಾಗ ಇದ್ರ ಕೆಳಗಿನಾಂವ ಬಾವಿ ತೋಡಲೇಬೇಕು" ಎಂದಿತು ಬೇವಿನ ಗಿಡ. ಅಂದರೆ, ಗಿಡದ ಕೆಳಗಿದ್ದ ಅಪ್ಪ! ಕಾಲುವೆ ನೀರಿಗಾಗಿ ಮೇಲಿನ ಹೊಲದವರ ಜೊತೆ ಬಡಿದಾಡಿದ ಅನುಭವ ಮಾತಾಡಿತ್ತು. ಅತ್ತೆ ಅತ್ತ ನೋಡದೆಯೇ ಹೌದೆಂದು ತಲೆಯಾಡಿಸಿದರು. "ಆದ್ರ ಇಷ್ಟೆಲ್ಲಾ ಅನುಮಾನ ಇದ್ದವರದೆಲ್ಲಾ ಈ ಒಂದು ಕೋಲಿನ್ಯಾಗ ಹ್ಯಾಂಗ ಬರ್ತದವ್ವ?"

"ಕುಂತು ಮಾತಾಡಿಕೊಂಡಾರ್ರಿ ಅಮ್ಮಾ. ಒಬ್ಬರದು ಒಬ್ಬರಿಗಿ ಅಡ್ಡ ಬರಬಾರದು, ಎಲ್ಲಾರದೂ ಒಂದ ಮಿಷನ್‌ನ್ಯಾಗ ಸಿಗಬೇಕು ಅಂತ."

"ಬ್ಯಾರಿ ಆದ ಮ್ಯಾಲೂ ಕುಂತು ಮಾತಾಡ್ಯಾರ!" ಎಂದರು ಅತ್ತೆ, ಬೇಕಂತಲೇ ಗಟ್ಟಿಯಾಗಿ. ಬೇವಿನ ಗಿಡ ಕೆಮ್ಮಿತು.

ಚೀನಾದ ದಿನ ಮಾತ್ರ ನಾನು ಸಾಯುವ ತನಕ ಮರೆಯುವುದಿಲ್ಲ. ಷಬಾನಾ ಕೋಲು ನೆಟ್ಟು, "ಇವತ್ತ ಚೀನಾದವರು ಹೇಳ್ತಾರ್ರಿ" ಎಂದದ್ದೇ ತಡ, ಅಪ್ಪ ಗಿಡದ ಕೆಳಗಿನಿಂದ ದಾಪುಗಾಲು ಹಾಕಿ ಬಂದರು. "ಗಡಿ ಅಳಿಯಾಕ ಚೀನಾದವರನ್ನ ಕರದೀರಿ? ಯಾರಿಗರ ಬುದ್ಧಿ ಅದ ಏನು? ಬದುನೂ ಹೋಗ್ತದ, ಹೊಲನೂ ಹೋಗ್ತದ, ಸುರಪುರದ ತನಕ ನಮ್ಮದ ಅಂತಾರ!"

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ತಡೆಯಲು ನೋಡಿದರು, ಆಗಲಿಲ್ಲ, ಫಕ್ಕನೆ ನಕ್ಕರು. ಅಪ್ಪನೂ ನಕ್ಕರು. ನಕ್ಕ ಮೇಲೆ ಇಬ್ಬರಿಗೂ ನೆನಪಾಯಿತು, ತಮಗೆ ಮಾತಿಲ್ಲವೆಂದು! ಆದರೆ ನಕ್ಕಿದ್ದನ್ನು ವಾಪಸು ನುಂಗುವುದು ಹೇಗೆ? ಅಪ್ಪ ಬದುವಿನ ಮೇಲೆಯೇ ಕೂತರು. ಅತ್ತೆ ನನ್ನ ಕೈಗೆ ಕೊಡದೆ ರೊಟ್ಟಿಯನ್ನು ನೇರ ಅಣ್ಣನ ಮುಂದೆ ಇಟ್ಟರು. ಅಪ್ಪ ಒಂದು ತುತ್ತು ಹಿಂಡಿ ಹಚ್ಚಿ ತಿಂದು, "ಅವ್ವ ಕುಟ್ಟಿದ ಹಂಗ ಅದ" ಎಂದರು. ಅತ್ತೆ ತಿರುಗಿ ಕಾಲುವೆ ಕಡೆ ನೋಡಿದರು. ಕಾಲುವೆಯಲ್ಲಿ ನೀರೇ ಇರಲಿಲ್ಲ. ಅಂದಹಾಗೆ ಚೀನಾದವರೂ ಅದೇ ಬದು ಎಂದರು.

ಕೊನೆಗೆ ನಮ್ಮವು. ನಮ್ಮ ಉಪಗ್ರಹಗಳು ಕಡಿಮೆಯಂತೆ, ಅದರಲ್ಲೂ ಕೆಲವುಗಳ ಗಡಿಯಾರ ಕೆಟ್ಟಿದೆಯಂತೆ, ಲೆಕ್ಕ ಕೂಡಲು ತಡವಾಗುತ್ತದಂತೆ. ನಾನು ಸಿಡುಕಿದೆ. ಅಣ್ಣ ತಂಗಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಬೇವಿನ ನೆರಳಿನಲ್ಲಿ ಕೂತು ಸತ್ತ ಎಮ್ಮೆಗಳ ಹೆಸರು ನೆನಪು ಮಾಡಿಕೊಳ್ಳುತ್ತಿದ್ದರು. ಇಳಿಹೊತ್ತಿಗೆ ನಮ್ಮವೂ ಉಳಿದ ದೇಶಗಳ ಮಾತಿಗೆ ಹೂಂ ಎಂದವು.

ಷಬಾನಾ ಕೋಲು ಮಡಿಚಿದಳು. "ಮುಗೀತ್ರಿ ಅಮ್ಮಾ. ಎಲ್ಲಾ ದೇಶದವರೂ ಒಂದ ಮಾತು ಹೇಳ್ಯಾರ."

"ಇನ್ನ ಯಾರೂ ಇಲ್ಲೇನು?" ಎಂದರು ಅತ್ತೆ. ಗೆದ್ದವರ ಮುಖ ಹಾಗಿರುವುದಿಲ್ಲ. ಅತ್ತೆಯ ಮುಖ ಸಣ್ಣದಾಗಿತ್ತು.

ನನಗೆ ತಾಳ್ಮೆ ತಪ್ಪಿತು. "ಅತ್ತಿ, ಮೊದಲನೇ ದಿನಾನ ಬದು ಸರಿ ಅದ ಅಂತ ಗೊತ್ತಾತಲ್ಲ. ಇಷ್ಟು ದೇಶ ಯಾಕ ಬೇಕಿತ್ತು ನಿನಗ?"

ಅತ್ತೆ ಬುತ್ತಿಗಂಟು ಕಟ್ಟುತ್ತ ಹೇಳಿದರು: "ಬದು ಎಲ್ಲಿ ಅದ ಅಂತ ನನಗ ಗೊತ್ತಿಲ್ಲೇನವ್ವ? ನಮ್ಮಪ್ಪ ಆ ಕಲ್ಲು ಹುಗಿಯೂಮುಂದ ಮಣ್ಣು ತುಳದವರು ನಾನು, ನಿಮ್ಮಪ್ಪ. ಪಂಚಮಿಗಿ ಬರದಾಂವ ನೋಟೀಸಿಗಿ ಬರ್ತಾನ ಅಂತ ಅರ್ಜಿ ಹಾಕೀನಿ. ಒಂದ ದೇಶಕ್ಕ ಮುಗಿಸಿದ್ರ ಒಂದ ದಿನಕ್ಕ ಮನಿಗಿ ಹೋಗ್ತಿದ್ದ."

ಅವರು ದನಿ ತಗ್ಗಿಸಿರಲಿಲ್ಲ. ಅಪ್ಪ ಎದ್ದು ನಿಂತರು. ಟವೆಲು ಕೊಡವಿದರು, ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆಮೇಲೆ ಷಬಾನಾಳನ್ನು ಕೇಳಿದರು.

"ಮೇಡಮ್ಮಾರ, ಜಪಾನದವರದೂ ಒಂದು ಅದ ಅಂತ ಪೇಪರಿನ್ಯಾಗ ಓದಿದಂಗ ನೆನಪು."

"ಅದ್ರಿ. ಆದ್ರ ಅದು ಅವರ ಕಡೀಗಿ ಅಂತ ಬಿಟ್ಟಿದ್ದು. ನಮ್ಮ ಕಡಿ ಸರಿ ಸಿಗಂಗಿಲ್ರಿ."

"ಸಿಗೂತನಕ ಕಾಯೋಣು. ಪೂರಾ ವಿಚಾರಣೆ ಆಗಲಾರದ ನಾ ಸಹಿ ಮಾಡಾಂವಲ್ಲ." ಅಪ್ಪ ಬಗ್ಗಿ ಬುತ್ತಿಗಂಟನ್ನು ತಾವೇ ಎತ್ತಿಕೊಂಡರು. "ದಿನಾ ಸುರಪುರದಿಂದ ಓಡಾಡೂದು ಬ್ಯಾಡ. ಪಂಚಮಿ ಬಂದದ. ಮನಿಯಾಗ ಇದ್ದು ಕಾಯಿ. ನಡಿ ತಂಗಿ." ಹೇಳಿದವರೇ ಹಿಂದೆ ನೋಡದೆ ಊರ ದಾರಿ ಹಿಡಿದರು.

ಅತ್ತೆ ಕಂಬದಂತೆ ನಿಂತಿದ್ದರು. ಆಮೇಲೆ ನನ್ನ ರಟ್ಟೆ ಹಿಡಿದರು. "ಕರದನೇನವ್ವ?"

"ಕರದಾನ ಅತ್ತಿ."

ಷಬಾನಾ ಕಡೆ ತಿರುಗಿದರು. "ನೀನೂ ಕೇಳಿದ್ಯಾ?"

"ಕೇಳೀನ್ರಿ ಅಮ್ಮಾ. ಪಂಚಮಿಗಿ ಕರದ್ರು" ಎಂದಳು ಷಬಾನಾ, ಕಣ್ಣು ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ದೂರದಿಂದ ಮೂರನೆಯ ಸಾಕ್ಷಿ ಗುಡುಗಿತು: "ಬರ್ತೀಯೋ ಇಲ್ಲೋ!" ಅತ್ತೆ ಛತ್ರಿಯನ್ನು ಬದುವಿನ ಮೇಲೆಯೇ ಮರೆತು ಓಡಿದರು.

ಆ ಐದು ದೇಶಗಳು ಮೇಲೆ ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಅನುಮಾನಿಸಲಿ, ನನಗೆ ಎಲ್ಲರ ಮೇಲೂ ಕೃತಜ್ಞತೆ ಇದೆ, ಚೀನಾದ ಮೇಲೆ ಒಂದು ಗುಂಜಿ ಹೆಚ್ಚು. ಜಪಾನ ಇನ್ನೂ ಸಿಕ್ಕಿಲ್ಲ. ಪ್ರತಿ ಪಂಚಮಿಗೂ ಅಪ್ಪ ಸುರಪುರಕ್ಕೆ ಹೋಗಿ ಅತ್ತೆಯನ್ನು ಕರೆತರುತ್ತಾರೆ. ಹಬ್ಬ ಮುಗಿಸಿ ಅತ್ತೆ ಹೊರಟು ನಿಂತಾಗ ಅಂಗಳಕ್ಕೆ ಬಂದು, ಕೈ ಅಡ್ಡ ಹಿಡಿದು ಆಕಾಶವನ್ನು ಪೂರ್ತಿ ನೋಡಿ ಹೇಳುತ್ತಾರೆ: "ಇನ್ನೂ ಬಂದಿಲ್ಲ ತಂಗಿ. ಇನ್ನೊಂದು ನಾಕು ದಿನ ಇರು."