ಕೆರೆಗೆ ಬಂದ ವಿದೇಶಿ ಸಾಲ, ನಡುವೆ ದುಭಾಷಿ ನಾನು

ಹಳ್ಳಿಗಾಡಿನ ಯೋಜನೆಗೆ ಸೇರಿದವನಿಗೆ ನಾಲ್ಕಕ್ಷರ ಇಂಗ್ಲಿಷ್ ಬಂದರೆ ಅವನ ಪೇಚಾಟಕ್ಕೆ ಕೊನೆಯೇ ಇಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಅರಸೀಕೆರೆ, ಬೇಲೂರು ಕಡೆ ಕೆರೆ ಹೂಳೆತ್ತಿಸಿ, ಗಿಡ ನೆಡಿಸಿ, ಹೊಗೆಯಿಲ್ಲದ ಒಲೆ ಹಂಚುವ ಯೋಜನೆಯೊಂದರಲ್ಲಿ ನಾನಿದ್ದೆ. ದುಡ್ಡು ಹೊರದೇಶದ ಸಾಲ. ಕೊಟ್ಟವರು ಕೆಲಸ ನೋಡಲು ಬಂದಾಗಲೆಲ್ಲ ದುಭಾಷಿ ನಾನೇ.

ಒಲೆ

ಗೆಂಡೆಹಳ್ಳಿ ಹತ್ತಿರದ ಒಂದು ಮನೆ. "ಹೊಸ ಒಲೆ ಹೊಗೆ ಬಿಡುತ್ತಾ?" ಅಂತ ವಿದೇಶಿ ಮೇಡಂ ನನ್ನಿಂದ ಕೇಳಿಸಿದರು.

"ಇಲ್ಲ ಕಣಪ್ಪ, ಒಂಚೂರೂ ಇಲ್ಲ" ಎಂದಳು ಮನೆಯ ಅಜ್ಜಿ. ಮೇಡಂ ಖುಷಿಯಾಗಿ ಬರೆದುಕೊಂಡು ಹೊರಗೆ ಹೋದರು. ನಾನು ಬಗ್ಗಿ ನೋಡಿದೆ. ಒಲೆಯ ಬಾಯೊಳಗೆ ಕೋಳಿ ಕಾವಿಗೆ ಕೂತಿತ್ತು.

"ಇದೇನಜ್ಜಿ?"

"ಅಡಿಗೆ ಹಳೇ ಒಲೇಲೇ ಮಾಡ್ತೀನಿ. ಇದ್ರಲ್ಲಿ ಹೊಗೆ ಇಲ್ವಲ್ಲ, ಕೋಳಿ ಒಪ್ಕೊಂಡೈತೆ."

ಹಳೇಬೀಡಿನ ಏರಿ ಮೇಲೆ

ಇನ್ನೊಮ್ಮೆ ಬಂದ ತಜ್ಞರು ದೇವಸ್ಥಾನ ನೋಡಿಕೊಂಡು ಕೆರೆ ಏರಿ ಹತ್ತಿದರು. "ನಮ್ಮ ಕೆಲಸ ಕೆಲವೇ ವರ್ಷ ಬಾಳುತ್ತದೆ ಅಂತ ವರದಿಯಲ್ಲಿ ಬರೆದಿದ್ದೇವೆ. ರಾಜರ ಕಾಲದ ಈ ಕೆರೆ ಇನ್ನೂ ಹೇಗೆ ನಿಂತಿದೆ, ಕೇಳಿ" ಎಂದರು.

ನೀರಂಚಿನಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವನನ್ನು ಕೇಳಿದೆ. ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಆಗ ವರದಿ ಬರೆಯೋ ಕೆಲ್ಸ ಇರ್ಲಿಲ್ಲ ಸಾ. ಎಲ್ರೂ ಮಣ್ಣು ಹೊತ್ರು."

ಬಣವೆ

ಇದು ಮಾಲೇಕಲ್ಲು ಹತ್ತಿರದ ಹಳ್ಳಿಯ ಮಾತು. ಅಲ್ಲಿಯ ಕೆರೆ ಕೊನೆಗೂ ಯೋಜನೆಗೆ ಸೇರಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಅವತ್ತು ಅದಿನ್ನೂ ತೀರ್ಮಾನವಾಗಿರಲಿಲ್ಲ. ಹೊರದೇಶದ ಸಾಹೇಬರೊಬ್ಬರು ಒಪ್ಪಿದರೆ ಹೂಳು ಎತ್ತುವುದು, ಇಲ್ಲದಿದ್ದರೆ ಇಲ್ಲ.

ಭೂಮಿ ಬಿಸಿಯಾಗಿ ಮಳೆ ಹದ ತಪ್ಪಿದೆ ಅಂತ ಅವರು ಹೇಳಿದ್ದನ್ನೆಲ್ಲ ಸೇರಿದ್ದ ಊರಿನವರಿಗೆ ಕನ್ನಡದಲ್ಲಿ ಹೇಳಿದೆ. ಕೆರೆ ಸಂಘದ ಅಧ್ಯಕ್ಷೆ, ಐವತ್ತು ದಾಟಿದ ಹೆಂಗಸು, ನನ್ನನ್ನೇ ಕೇಳಿದಳು: "ಬಿಸಿ ಮಾಡ್ದೋರು ಯಾರಪ್ಪ?"

"ಹೆಚ್ಚಾಗಿ ಅವರ ಕಡೆಯ ಕಾರ್ಖಾನೆ, ಕಾರುಗಳ ಹೊಗೆಯಮ್ಮ."

"ಈಗ ಕೊಡೋದು ದಾನವೋ, ಸಾಲವೋ?"

"ಸಾಲ. ಬಡ್ಡಿ ಕಮ್ಮಿ."

"ಸರಿಹೋಯ್ತು! ನಮ್ಮ ಬಣವೆಗೆ ಬೆಂಕಿ ಇಕ್ಕಿ, ಆರ್ಸೋಕೆ ಬಿಂದಿಗೆ ಬಾಡಿಗೆಗೆ ಕೊಟ್ಟಂಗಾಯ್ತು!"

ಊರೆಲ್ಲ ನಕ್ಕಿತು. ಸಾಹೇಬರು ನನ್ನ ಮುಖ ನೋಡಿದರು. "ವಂದನೆ ಹೇಳ್ತಿದ್ದಾರೆ" ಎಂದೆ.

"ವಂದನೆಗೆ ಇಷ್ಟು ನಗುವೇ? ನಿಜ ಹೇಳಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಅಧ್ಯಕ್ಷೆಯ ಕಡೆ ತಿರುಗಿದರು. ಆಮೇಲೆ, "ಆಕೆಯ ಮಾತು ಸರಿ. ನಾನೀಗ ಮೊದಲು ಏನು ಮಾಡಲಿ, ಕೇಳಿ" ಎಂದರು.

ಆಕೆ ಹುಣಸೆಮರದ ಕಡೆ ಕೈ ತೋರಿಸಿದಳು. ಒಳಗಿನ ಎ.ಸಿ. ತಂಪು ಹೋಗದಿರಲಿ ಅಂತ ಡ್ರೈವರ್ ಅಲ್ಲಿ ಜೀಪನ್ನು ಚಾಲೂ ಇಟ್ಟೇ ಬಂದಿದ್ದ.

"ಮೊದ್ಲು ಆ ಜೀಪು ಆರ್ಸೋಕೆ ಹೇಳಪ್ಪ. ಆಗ್ಲಿಂದ ಹೊಗೆ ಬಿಡ್ತಾ ನಿಂತೈತೆ!"

ನಾನು ಇಂಗ್ಲಿಷ್‌ನಲ್ಲಿ ಬಾಯಿ ತೆರೆಯುವಷ್ಟರಲ್ಲಿ ಡ್ರೈವರ್ ಅರ್ಧ ದಾರಿ ಓಡಿಯಾಗಿತ್ತು.